ಬೀದಿಯ ಮೊದಲ ಫ್ರಿಜ್

ಟೈಪಿಸ್ಟ್ ಅಕ್ಕನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆದರೆ ನಮ್ಮ ಬೀದಿಗೆ ಮೊದಲ ಫ್ರಿಜ್ ಬಂದದ್ದು ಅವಳ ಮನೆಗೇ. ಅಂದಿನಿಂದ ಬಾಗಿಲಿಗೆ ಚಿಲಕ ಹಾಕಲು ಪುರುಸೊತ್ತಿಲ್ಲ. ಒಬ್ಬರು ಹಾಲು ಇಡಲು ಬರುವರು, ಇನ್ನೊಬ್ಬರು ಮಗುವಿಗೆ ಜ್ವರವೆಂದು ಐಸ್ ಕೇಳುವರು. ಎದುರುಮನೆಯ ದರ್ಜಿ ತನ್ನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಔಷಧಿಯನ್ನು ಅಲ್ಲೇ ಇಟ್ಟಿದ್ದ. ದಿನಾ ಬೆಳಿಗ್ಗೆ ಬಂದು ನಾಲ್ಕು ಮಾತಾಡಿ ಹೋಗುತ್ತಿದ್ದ.

ಬರಬರುತ್ತಾ ಮನೆಮನೆಗೂ ಫ್ರಿಜ್ ಬಂತು. ಕೊನೆಗೆ ದರ್ಜಿಯೂ ಫ್ರಿಜ್ ಕೊಂಡು, ತನ್ನ ಔಷಧಿಯನ್ನು ಮನೆಗೆ ಒಯ್ದ.

"ಇನ್ನು ನನ್ನ ಕಾಟ ತಪ್ತು ನಿಮಗೆ, ಅಕ್ಕಾ" ಎಂದು ನಕ್ಕ. ಅವಳೂ ನಕ್ಕಳು.

ಆಮೇಲೆ ವಾರವಾದರೂ ಹೊಸ್ತಿಲು ತುಳಿದವರಿಲ್ಲ. ಎಂಟನೆಯ ದಿನ ಅವಳೇ ಫ್ರಿಜ್ಜಿನ ಪ್ಲಗ್ ಕಿತ್ತು, ಹಾಲಿನ ಪಾತ್ರೆ ಹಿಡಿದು ದರ್ಜಿಯ ಮನೆಗೆ ಹೋದಳು.

"ನಮ್ಮದು ಕೆಟ್ಟುಹೋಗಿದೆ ಕಣಪ್ಪಾ. ಇದನ್ನ ಇಲ್ಲಿಡ್ಲಾ? ನಾಳೆ ಬಂದು ತಗೋತೀನಿ."

"ನೀವ್ಯಾಕೆ ಓಡಾಡ್ಬೇಕು ಅಕ್ಕಾ? ರಿಪೇರಿಯವನನ್ನ ಈಗ್ಲೇ ಕಳಿಸ್ತೀನಿ!"

ಅರ್ಧ ಗಂಟೆಯಲ್ಲಿ ರಿಪೇರಿಯವನು ಬಂದು ಪ್ಲಗ್ ಚುಚ್ಚಿದ. ಫ್ರಿಜ್ ಗುಂಯ್ ಎಂದಿತು.

"ಅಷ್ಟೇ ಅಮ್ಮಾ."

"ಟೀಗೆ ಇಟ್ಟಿದ್ದೀನಿ, ಕುಡ್ಕೊಂಡು ಹೋಗಪ್ಪಾ."

"ಇನ್ನೂ ನಾಲ್ಕು ಮನೆ ಇದೆಯಮ್ಮಾ" ಎನ್ನುತ್ತಲೇ ಅವನು ಚಪ್ಪಲಿ ಮೆಟ್ಟಿಕೊಂಡ.

ಅವಳು ತೆಗೆದಿಟ್ಟಿದ್ದ ಎರಡು ಲೋಟಗಳಲ್ಲಿ ಒಂದನ್ನು ಮತ್ತೆ ಗೂಡಿಗೆ ಸೇರಿಸಿದಳು.