ಕಿವಿ ಮುಚ್ಚಿಕೊಂಡು ನೋಡಿದ ದೆವ್ವಗಳು

ಎರಡು ಕಿರುಬೆರಳುಗಳನ್ನು ಎರಡೂ ಕಿವಿಗೆ ತುರುಕಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಕಣ್ಣನ್ನು ಮಾತ್ರ ಇಷ್ಟಗಲ ಬಿಟ್ಟುಕೊಂಡು ಕೂರುತ್ತಿದ್ದರು ಅವರು. ಟೀವಿಯಲ್ಲಿ ಹಾಳು ಬಂಗಲೆಯ ಬಾಗಿಲು ತೆರೆದುಕೊಳ್ಳುವ ಹೊತ್ತಿಗೆ ಉಳಿದವರೆಲ್ಲ ಕಣ್ಣು ಮುಚ್ಚಿಕೊಂಡರೆ ಅವರು ಮುಚ್ಚಿಕೊಳ್ಳುತ್ತಿದ್ದುದು ಕಿವಿ. ಎಡಗೈಯ ಕಿರುಬೆರಳು ಸೊಟ್ಟಗಾಗಿತ್ತು, ಕಿವಿಯಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಆ ಕಡೆಯಿಂದ ಒಂದಿಷ್ಟು ಹೆದರಿಕೆ ಒಳಗೆ ನುಗ್ಗುತ್ತದೆ ಎಂದು ಬೆರಳಿಗೇ ಬೈದುಕೊಳ್ಳುತ್ತಿದ್ದರು.

ಜಪಾನಿನ ಗ್ಯೋಟೋಕುವಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಮನೆ ಮಾಲೀಕರನ್ನು ಇಲ್ಲಿ ಓಯಾಸಾನ್ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಮೇಲಿನ ಮನೆಯಲ್ಲಿ ನಾನು, ನನ್ನ ಗಂಡ, ಎರಡನೇ ಕ್ಲಾಸಿನ ಮಗಳು, ಕೆಳಗೆ ಅವರೊಬ್ಬರೇ. ಎಪ್ಪತ್ತು ದಾಟಿತ್ತು, ಮಂಡಿ ಸ್ವಲ್ಪವೂ ಮಾತು ಕೇಳುತ್ತಿರಲಿಲ್ಲ. ಹರೆಯದಲ್ಲಿ ಒಂದು ಟಾಕೀಸಿನ ತಿಂಡಿ ಕೌಂಟರಿನಲ್ಲಿ ಕೆಲಸ ಮಾಡಿದವರು. ಒಳಗೆ ಯಾವ ಸಿನಿಮಾ ಓಡಿದರೂ ಅವರ ಪಾಲಿಗೆ ಸಿಕ್ಕಿದ್ದು ಬಾಗಿಲ ಸಂದಿಯಿಂದ ಬಂದ ಕಿರುಚಾಟ ಮಾತ್ರ. ಈಗ ಅದೇ ಹಳೇ ದೆವ್ವದ ಸಿನಿಮಾಗಳನ್ನೆಲ್ಲ ಬಾಡಿಗೆಗೆ ತಂದು, ಆಗ ಜನ ಕಿರುಚಿದ್ದು ಯಾಕೆ ಎಂದು ನಿಧಾನವಾಗಿ ಪತ್ತೆ ಮಾಡುತ್ತಿದ್ದರು.

ಇದೆಲ್ಲ ಭೂಕಂಪವಾದ ವರ್ಷದ ಮಾತು. ಮಾರ್ಚಿನಲ್ಲಿ ಭೂಮಿ ಅಲ್ಲಾಡಿ ನಿಂತರೂ ನನ್ನ ಎದೆ ಅಲ್ಲಾಡುವುದು ನಿಂತಿರಲಿಲ್ಲ. ಮೈಸೂರಿಗೆ ಓಡಿಹೋಗಿ ಅಮ್ಮನ ಮನೆಯಲ್ಲಿ ಕೆಲವು ವಾರ ಇದ್ದು ಬಂದರೂ ಅಷ್ಟೇ. ಭೂಕಂಪಕ್ಕಿಂತ ಅದರ ಮುನ್ಸೂಚನೆ ಕೊಡುವ ಮೊಬೈಲಿನ ಸದ್ದೇ ನನಗೆ ಯಮ. ಅದು ಅರಚಿಕೊಂಡಿತೆಂದರೆ ಕೈಕಾಲು ಮರಗಟ್ಟಿ ನಿಂತಲ್ಲೇ ನಿಂತುಬಿಡುತ್ತಿದ್ದೆ. ಒಮ್ಮೆ ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗಲೇ ಹಾಗೆ ನಿಂತೆ. ಪುಟ್ಟ ಮಗಳು ಓಡಿಬಂದು ಗ್ಯಾಸ್ ಆರಿಸಿದಳು. ಅವತ್ತೇ ಗಂಡನಿಗೆ ಹೇಳಿದೆ.

"ನನ್ನ ಕೈಲಾಗಲ್ಲ ಕಣ್ರೀ. ಡಿಸೆಂಬರ್‌ಗೆ ನಾನೂ ಅವಳೂ ಊರಿಗೆ ಹೊರಟ್ವಿ. ನೀವು ಬೇಕಾದ್ರೆ ಇರಿ."

ಅವರು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹಾಳೆ ತಿರುವಿ ನೋಡಿದರು. ಮಗಳು ಮಾತ್ರ ನನ್ನ ಜೊತೆ ಟೂ ಬಿಟ್ಟಳು. ಸಂಸಾರ ಎರಡು ದೇಶಕ್ಕೆ ಹಂಚಿಹೋಗುವುದು ನನಗೇನು ಇಷ್ಟವಿತ್ತೇ? ಆದರೆ ಹೆದರಿಕೆ ಅನ್ನುವುದು ಹೇಳಿದ ಮಾತು ಕೇಳಬೇಕಲ್ಲ.

ಟೂ ಬಿಟ್ಟವಳು ಸುಮ್ಮನಿರುತ್ತಾಳೆಯೇ, ಕೆಳಗೆ ಹೋಗಿ ಓಯಾಸಾನ್ ಮುಂದೆ ಎಲ್ಲ ಒದರಿದ್ದಳು. ಅಕ್ಟೋಬರ್ ಶುರುವಾಗಿತ್ತು, ಮೂಲೆಯ ಕೊಂಬಿನಿ ಅಂಗಡಿಯಲ್ಲೂ ಹ್ಯಾಲೋವೀನ್ ಅಂತ ಕಾಗದದ ಕುಂಬಳಕಾಯಿ ನೇತುಹಾಕಿದ್ದರು. ಓಯಾಸಾನ್ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆದರು. ಗೃಹಿಣಿಯರನ್ನು ಇಲ್ಲಿ ಓಕುಸಾನ್ ಅನ್ನುತ್ತಾರೆ.

"ಓಕುಸಾನ್, ಶನಿವಾರ ಮಧ್ಯಾಹ್ನ ಬನ್ನಿ. ದೆವ್ವದ ಸಿನಿಮಾ ಹಾಕ್ತೀನಿ."

"ಮೊದಲೇ ಹೆದರಿ ಸಾಯ್ತಿದ್ದೀನಿ, ಇದೊಂದು ಬಾಕಿ ಇತ್ತು," ಎಂದು ನಾನು ಕನ್ನಡದಲ್ಲಿ ಗೊಣಗಿದೆ. ಮಗಳು ಅದನ್ನೂ ನಿಯತ್ತಾಗಿ ಜಪಾನಿ ಭಾಷೆಯಲ್ಲಿ ಹೇಳಿಬಿಟ್ಟಳು.

ಓಯಾಸಾನ್ ಬಿದ್ದು ಬಿದ್ದು ನಕ್ಕರು. "ನಮ್ಮಲ್ಲಿ ದೆವ್ವದ ಸಿನಿಮಾ ನೋಡೋದು ಬೇಸಿಗೇಲಿ. ನಡುಕ ಹುಟ್ಟಿ ಮೈ ತಂಪಾಗಲಿ ಅಂತ. ಈ ಬೇಸಿಗೇಲಿ ಮಾತ್ರ ದುಡ್ಡು ಕೊಟ್ಟು ಹೆದರಿಕೊಳ್ಳೋ ಮನಸ್ಸು ಯಾರಿಗಿತ್ತು ಹೇಳಿ? ಅದಕ್ಕೇ ಬಾಕಿ ಉಳ್ಕೊಂಡಿದೆ. ಈ ಕುಂಬಳಕಾಯಿ ನೆಪದಲ್ಲಿ ಮುಗಿಸೋಣ."

ಬರಿಗೈಯಲ್ಲಿ ಹೋಗಬಾರದೆಂದು ಕೋಡುಬಳೆ ಕರಿದುಕೊಂಡು ಹೋದೆ. ಸಿನಿಮಾ ಎಂದರೆ ದೇವರೇ ಗತಿ! ಕಾಡಿನಿಂದ ಬರುವ ರಾಕ್ಷಸನ ಬೆನ್ನಿನ ಮೇಲೆ ಝಿಪ್ಪು ಕಾಣಿಸುತ್ತಿತ್ತು. ಓಯಾಸಾನ್‌ಗೆ ಅಂಥವೇ ಪ್ರಾಣ. "ಬಂತು ಬಂತು, ಝಿಪ್ಪು ನೋಡಿ!" ಎಂದು ಮಗುವಿನಂತೆ ಕುಣಿಯುತ್ತಿದ್ದರು. ಕೋಡುಬಳೆಯನ್ನು ಒಮ್ಮೆ ಕಟುಂ ಎಂದು ಕಡಿದವರು ಹಾಗೇ ಸ್ತಬ್ಧರಾದರು. ಕಡಿಯುವ ಸದ್ದಿಗೆ ಸಿನಿಮಾದ ಭಯಂಕರ ಸಂಗೀತವೇ ಕೇಳಿಸುತ್ತಿಲ್ಲವಂತೆ! ಆಮೇಲೆ ಕೋಡುಬಳೆಯಿಲ್ಲದೆ ಯಾವ ದೆವ್ವಕ್ಕೂ ಅವರ ಮನೆಯಲ್ಲಿ ಪ್ರವೇಶವಿರಲಿಲ್ಲ.

ನಮ್ಮೂರ ದೆವ್ವ ಹೇಗಿರುತ್ತೆ ಎಂದು ವಿಚಾರಿಸಿದರು. ಪಾದ ಹಿಂದುಮುಂದಾಗಿರುತ್ತೆ ಎಂದೆ. "ಅಯ್ಯೋ ಪಾಪ, ನಡೆಯೋಕೆ ಎಷ್ಟು ಕಷ್ಟ! ನಮ್ಮ ದೆವ್ವಕ್ಕೆ ಕಾಲೇ ಇಲ್ಲ. ಮಂಡಿನೋವಿನ ರಗಳೆಯೂ ಇಲ್ಲ," ಎಂದು ತಮ್ಮ ಮಂಡಿ ನೀವಿಕೊಂಡರು.

ಆದರೆ ಸುಮ್ಮನೆ ಸಿನಿಮಾ ತೋರಿಸುವ ಹೆಂಗಸಲ್ಲ ಅದು. ದೆವ್ವ ಹಾರಿಬಂದು ನಾನು ಬೆಚ್ಚಿಬಿದ್ದ ಕೂಡಲೇ ಟೀವಿ ನಿಲ್ಲಿಸಿ, "ಗ್ಯಾಸ್! ಬಾಗಿಲು! ಮೇಜು!" ಎಂದು ಕೂಗುತ್ತಿದ್ದರು. ನಾನು ಎದ್ದು ಓಡಿ ಗ್ಯಾಸ್ ಆರಿಸಬೇಕು, ಬಾಗಿಲು ಸಿಕ್ಕಿಹಾಕಿಕೊಳ್ಳದ ಹಾಗೆ ತೆರೆದು ಸಂದಿಗೆ ಚಪ್ಪಲಿ ಇಡಬೇಕು, ಗಿಡ್ಡ ಮೇಜಿನ ಕೆಳಗೆ ತೂರಿಕೊಳ್ಳಬೇಕು. ಭೂಕಂಪವಾದಾಗ ಮಾಡಬೇಕಾದ್ದನ್ನೆಲ್ಲ ದೆವ್ವ ಬಂದಾಗ ಮಾಡಿಸುತ್ತಿದ್ದರು.

"ಓಯಾಸಾನ್, ಸಿನಿಮಾ ನೋಡೋಕೆ ಬಿಡಿ!"

"ಬೆಚ್ಚಿಬಿದ್ದ ಮೈ ಸುಮ್ನೆ ನಿಲ್ಲಬಾರದು. ಅದಕ್ಕೆ ಕೆಲಸ ಕೊಡಬೇಕು. ಏಳಿ!"

ಒಂದು ಸಲ ನನ್ನನ್ನು ಕರೆಯಲು ಬಂದ ಗಂಡ, ಟೀವಿಯಲ್ಲೊಂದು ಹೆಣ ಎದ್ದು ಕೂತದ್ದಕ್ಕೆ ಹೆಂಡತಿ ಗ್ಯಾಸ್ ಆರಿಸಲು ಓಡುವುದನ್ನು ಕಂಡು ಕಕ್ಕಾಬಿಕ್ಕಿಯಾದರು. "ಊರಿಗೆ ಟಿಕೆಟ್ ಬೇಗ ಮಾಡಿಸ್ಬೇಕು ಅನ್ಸತ್ತೆ," ಎಂದರು.

ಹ್ಯಾಲೋವೀನ್ ಹತ್ತಿರ ಬಂದ ಶನಿವಾರ ಮಗಳು ಹಳೇ ಬೆಡ್‌ಶೀಟ್ ಹೊದ್ದು ದೆವ್ವವಾಗಿದ್ದಳು. ಒಲೆಯ ಮೇಲೆ ಚಹಾಕ್ಕೆ ನೀರು ಕುದಿಯುತ್ತಿತ್ತು. ರಾಕ್ಷಸ ಇನ್ನೇನು ಬೆನ್ನು ತಿರುಗಿಸಬೇಕು, ಆಗ ಎಲ್ಲರ ಮೊಬೈಲೂ ಒಟ್ಟಿಗೆ ಅರಚಿಕೊಂಡವು. ಯಾರೂ ಕೂಗದಿದ್ದರೂ ನನ್ನ ಕಾಲು ತಾನಾಗಿಯೇ ಎದ್ದಿತು. ಗ್ಯಾಸ್ ಆರಿಸಿದೆ, ಬಾಗಿಲು ತೆರೆದು ಚಪ್ಪಲಿ ತುರುಕಿದೆ, ಬೆಡ್‌ಶೀಟ್ ಸಮೇತ ಮಗಳನ್ನು ಮೇಜಿನ ಕೆಳಗೆ ತಳ್ಳಿದೆ. ತಿರುಗಿ ನೋಡಿದರೆ ಓಯಾಸಾನ್ ಕೂತಲ್ಲೇ ಕೂತಿದ್ದರು. ಮಂಡಿ ಹಿಡಿದುಕೊಂಡಿರಬೇಕು ಅಂದುಕೊಂಡೆ. ಕಂಕುಳಿಗೆ ಕೈಕೊಟ್ಟು ದರದರ ಎಳೆದು ಅವರನ್ನೂ ಒಳಗೆ ಸೇರಿಸಿದೆ. ಪಾತ್ರೆಗಳೆಲ್ಲ ಕಟಕಟ ಎಂದವು, ಮೇಲಿನ ದೀಪ ತೂಗಾಡಿತು, ನಿಂತಿತು. ಓಯಾಸಾನ್ ನನ್ನ ಕೈ ಬಿಡದೆ ಹೇಳಿದರು.

"ಸುಮಿಮಾಸೆನ್, ಕ್ಷಮಿಸಿ ಓಕುಸಾನ್. ಸ್ವಲ್ಪ ಹಿಂದಕ್ಕೆ ಹಾಕ್ತೀರಾ? ಝಿಪ್ಪು ತಪ್ಪಿಹೋಯ್ತು."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. "ಅಮ್ಮಾ, ಯು ಡಿಡ್ ಎವ್ರಿಥಿಂಗ್!" ಎಂದು ಮಗಳು ಕುತ್ತಿಗೆಗೆ ಜೋತುಬಿದ್ದಳು. ಟೂ ಅಲ್ಲಿಗೆ ಮುಗಿಯಿತು. ಸಂಜೆ ಗಂಡ ಬಂದಾಗ ಕಾಫಿ ಕೊಡುತ್ತಾ, "ಡಿಸೆಂಬರ್ ಟಿಕೆಟ್ ಬೇಡ ರೀ," ಎಂದೆ. ಅವರು ಲೋಟ ಕೆಳಗಿಟ್ಟು ನನ್ನ ತಲೆ ಸವರಿದರು.

ಆಮೇಲೆ ಪ್ರತಿ ಅಕ್ಟೋಬರಿನ ಶನಿವಾರಗಳೂ ಓಯಾಸಾನ್‌ಗೇ ಮೀಸಲಾದವು. ಮಗಳು ನನಗಿಂತ ಎತ್ತರವಾದಳು, ಅವಳ ಬಾಯಲ್ಲಿ ಕನ್ನಡ ಕಡಿಮೆಯಾಯಿತು, ಕೋಡುಬಳೆಯ ಡಬ್ಬ ಮಾತ್ರ ದೊಡ್ಡದಾಗುತ್ತಾ ಹೋಯಿತು. ಕಳೆದ ಚಳಿಗಾಲದಲ್ಲಿ ಓಯಾಸಾನ್ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ನನ್ನ ತಾಯಿ ಹೋದಾಗ ಅತ್ತಷ್ಟೇ ಅತ್ತೆ.

ಅಂತ್ಯಕ್ರಿಯೆಯ ದಿನ ಹಿರೋಷಿಮಾದಿಂದ ಬಂದಿದ್ದ ಅವರ ತಂಗಿ ನನ್ನನ್ನು ಹುಡುಕಿಕೊಂಡು ಬಂದು ಸೊಂಟ ಬಗ್ಗಿಸಿ ವಂದಿಸಿದರು. ನಾನೇ ಮೊದಲು ಹೇಳಿದೆ, ಓಯಾಸಾನ್ ಇಲ್ಲದಿದ್ದರೆ ನಾನು ಈ ದೇಶ ಬಿಟ್ಟು ಓಡಿಹೋಗುತ್ತಿದ್ದೆ ಎಂದು. ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು.

"ಅಕ್ಕ ನಿಮಗೆ ಹೇಳಿರಲಿಲ್ವಾ? ಭೂಕಂಪ ಆದ್ಮೇಲೆ ಅವಳಿಗೆ ಆ ಮನೇಲಿ ಒಬ್ಬಳೇ ಇರೋಕೆ ಆಗ್ತಿರಲಿಲ್ಲ. ದಿನಾ ಫೋನ್ ಮಾಡಿ ಅಳ್ತಿದ್ಳು. ಮನೆ ಮಾರಿ ನಮ್ಮಲ್ಲಿಗೆ ಬಂದುಬಿಡ್ತೀನಿ ಅಂದಿದ್ಳು. ಅಕ್ಟೋಬರ್‌ನಲ್ಲಿ ಫೋನ್ ಮಾಡಿ, ಬರಲ್ಲ ಅಂದ್ಬಿಟ್ಳು. ಮೇಲ್ಗಡೆ ನನಗಿಂತ ಹೆದರೋಳು ಒಬ್ಬಳು ಸಿಕ್ಕಿದ್ದಾಳೆ, ಅವಳು ಪಕ್ಕದಲ್ಲಿ ಕೂತ್ರೆ ನನಗೆ ಧೈರ್ಯ ಬರತ್ತೆ, ಅಂತ."

ಅಂದು ಮೊಬೈಲ್ ಅರಚಿದಾಗ ಅವರು ಕೂತಲ್ಲೇ ಕೂತದ್ದು ಮಂಡಿ ಹಿಡಿದು ಅಲ್ಲ, ಹೆದರಿ. ನಾನು ಅವರಿಗೆ ಋಣಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು. ಅಷ್ಟು ವರ್ಷ ಅವರಿಗೆ ಧೈರ್ಯ ಕೊಟ್ಟವಳು ನಾನಂತೆ, ಅದೂ ಪಕ್ಕದಲ್ಲಿ ಗಡಗಡ ನಡುಗುತ್ತಾ ಕೂತು.