ನೌಕರಿಯ ಕನ್ನಡವನ್ನು ಬಿಡಿಸಿ ಹೇಳುವ ವನಜಾಕ್ಷಿ

ಸಿಂಗಟಗೆರೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಡೂರಿನಿಂದ ಬಂದ ಮೊದಲ ಬಸ್ಸು ಪತ್ರಿಕೆಯ ಕಟ್ಟನ್ನು ಇಳಿಸಿ ಹೋಗಿದೆ. ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ವನಜಾಕ್ಷಿ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕೈಮುಗಿದು, ನೇರ ಒಳಪುಟ ತೆರೆಯುತ್ತಾರೆ. ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ವಿಶ್ವವಿದ್ಯಾಲಯವೊಂದರ ನೇಮಕಾತಿ ಪ್ರಕಟಣೆಯಿದೆ.

ಗ್ರಂಥಾಲಯದ ಪತ್ರಿಕೆಗೆ ಕತ್ತರಿ ಹಾಕುವಂತಿಲ್ಲ. ಹಾಗಾಗಿ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಎಲ್ಲವನ್ನೂ ಕೈಯಲ್ಲೇ ಇಳಿಸುತ್ತಾರೆ. ಅದೂ ಊರ ಮಾತಿನಲ್ಲಿ. ‘ಅಧೀಕ್ಷಕ: ಆಫೀಸಿನ ಗುಮಾಸ್ತರನ್ನ ನೋಡ್ಕೊಳೋರು.’ ‘ಸಂಶೋಧನಾ ಸಹಾಯಕ: ಊರೂರು ತಿರುಗಿ, ಕೇಳಿ, ಬರ್ಕೊಂಡು ಬರೋರು.’ ಹಾಳೆ ಬಾಗಿಲಿಗೆ ಅಂಟುವಷ್ಟರಲ್ಲಿ, ಡೇರಿಗೆ ಹಾಲು ಹಾಕಿ ಬಂದವರು ಕ್ಯಾನು ಹಿಡಿದೇ ನಿಂತು ಓದುತ್ತಾರೆ.

“ಏನಮ್ಮಾ, ಇವತ್ತು ವೈಸ್ ಚಾನ್ಸಲರ್ ಕೆಲ್ಸ ಖಾಲಿ ಐತಾ?” ಅವರಲ್ಲೊಬ್ಬರಾದ ಬಸವರಾಜಪ್ಪ ಕಿಚಾಯಿಸುತ್ತಾರೆ.

“ಐತೆ ಕಣಣ್ಣ. ಮೊದ್ಲು ಎಸ್ಸೆಲ್ಸಿ ಪಾಸಾಗಿ ಬಾ, ಫಾರಂ ತುಂಬ್ಕೊಡ್ತೀನಿ.”

ವನಜಾಕ್ಷಿಗೆ ಈಗ ನಲವತ್ತೆರಡು. ಬಿ.ಎ. ಮುಗಿಸಿದ ವರ್ಷ ವಿಶ್ವವಿದ್ಯಾಲಯದಲ್ಲಿ ಗುಮಾಸ್ತರ ಹುದ್ದೆಗೆ ಕರೆದಿದ್ದರೆಂದು ಅವರಿಗೆ ತಿಳಿದದ್ದು ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣದಿಂದ. ಕೊನೆಯ ದಿನಾಂಕ ದಾಟಿ ತಿಂಗಳಾಗಿತ್ತು. “ಅವತ್ತು ಕಡ್ಲೆಕಾಯಿ ಗಂಟ್ಲಲ್ಲಿ ಇಳೀಲಿಲ್ಲ ನೋಡ್ರಿ,” ಎಂದು ಈಗ ನಗುತ್ತಾರೆ. ಏಳು ವರ್ಷಗಳಿಂದ ಮುನ್ನೂರಕ್ಕೂ ಹೆಚ್ಚು ಹಾಳೆ ಬರೆದಿದ್ದಾರೆ. ಅದನ್ನೋದಿ ಅರ್ಜಿ ಹಾಕಿದವರಲ್ಲಿ ಹದಿನಾಲ್ಕು ಜನ ಕೆಲಸಕ್ಕೆ ಸೇರಿದ್ದಾರೆ.

ಈ ವರ್ಷ ಅವರನ್ನು ತುದಿಗಾಲಲ್ಲಿ ನಿಲ್ಲಿಸಿದ್ದು ಇದೇ ಊರಿನ ಸೊಸೆ ಯಶೋಧರಾಳ ಅರ್ಜಿ. ಮನೆಗೆಲಸದ ನಡುವೆಯೇ ಓದಿ ಎಂ.ಎ. ಮಾಡಿದಾಕೆ, ವಯೋಮಿತಿಗೆ ಉಳಿದಿದ್ದದ್ದು ಎರಡೇ ತಿಂಗಳು. ಜನಪದ ಹಾಡುಗಳ ಸಂಶೋಧನಾ ಯೋಜನೆಗೆ ಸಹಾಯಕರು ಬೇಕಾಗಿದ್ದರು. ಕೊನೆಯ ದಿನ ಆಕೆ ತುಂಬಿ ತಂದ ಫಾರಂನಲ್ಲಿ ‘ಕ್ಷೇತ್ರಕಾರ್ಯದ ಅನುಭವ’ ಎಂಬುದರ ಮುಂದೆ ‘ಇಲ್ಲ’ ಎಂದಿತ್ತು.

“ಯಾಕೆ ಇಲ್ಲ ಅಂತ ಬರ್ದೆ?” ವನಜಾಕ್ಷಿ ಕೇಳಿದರು.

“ಧರ್ಮಸ್ಥಳಾನೇ ನೋಡಿಲ್ಲ ಕಣಕ್ಕ. ಇನ್ನ ಯಾವ ಕ್ಷೇತ್ರದಲ್ಲಿ ಏನ್ ಕಾರ್ಯ ಮಾಡ್ಲಿ?”

“ಅಯ್ಯೋ ಪುಣ್ಯಾತ್ಗಿತ್ತಿ! ಜನರ ಹತ್ರ ಹೋಗಿ, ಕೇಳಿ ಬರ್ಕೊಳೋದು ಕಣೇ ಅದು. ನಿಮ್ಮತ್ತೆ ಹತ್ರ ಸೋಬಾನೆ ಪದ ಬರ್ಕೊಂಡಿದ್ಯಲ್ಲ, ಅದೇನು?”

“ಅತ್ತೆಗೆ ಮರೆವು ಶುರುವಾಗಿತ್ತು, ಅದ್ಕೆ ಬರ್ಕೊಂಡೆ. ಬುಕ್ಕಾಂಬುಧಿ ನೆಂಟ್ರ ಮನೇಲೂ ಒಂದಷ್ಟು... ಅದೂ ಲೆಕ್ಕಕ್ಕೆ ಬರ್ತದಾ?”

ಇಬ್ಬರೂ ಕೂತು ನೋಟ್‌ಬುಕ್ಕು ಬಿಡಿಸಿದರೆ ನೂರ ಹನ್ನೊಂದು ಹಾಡು, ಮೊದಲನೆಯದು ಬರೆದು ನಾಲ್ಕು ವರ್ಷವಾಗಿತ್ತು. ‘ಇಲ್ಲ’ ಹೋಗಿ ‘ನಾಲ್ಕು ವರ್ಷ’ ಬಂತು. ಗ್ರಂಥಾಲಯದ ಕಂಪ್ಯೂಟರಿನಿಂದಲೇ ಅರ್ಜಿ ಹೊರಟಿತು.

ಯೋಚಿಸಿದರೆ, ಯಶೋಧರಾ ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ಮುಪ್ಪಾದ ಜೀವದ ಮುಂದೆ ಕೂತು, ಅದರ ಬಾಯಿಂದ ಬಂದ ಪದವನ್ನು ನೆಲಕ್ಕೆ ಬೀಳದಂತೆ ಹಿಡಿದುಕೊಂಡ ಜಗಲಿಯೂ ಒಂದು ಕ್ಷೇತ್ರವೇ.

ಕಳೆದ ವಾರ ನೇಮಕದ ಆದೇಶ ಬಂದಿದೆ. ಪೇಡ ಹಿಡಿದು ಓಡಿಬಂದ ಯಶೋಧರಾ, “ನಿಂಗೇನು ಕೊಡ್ಲಿ ಹೇಳಕ್ಕ,” ಎಂದು ಪಟ್ಟು ಹಿಡಿದಿದ್ದಾಳೆ. ವನಜಾಕ್ಷಿ ಒಂದು ಪೇಡ ತೆಗೆದುಕೊಂಡು ಹೇಳುತ್ತಾರೆ:

“ಇನ್ಮೇಲೆ ಊರೂರಲ್ಲಿ ಹಾಡು ಬರ್ಕೊತೀಯಲ್ಲ, ಹಾಡ್ದೋರ ಹೆಸ್ರು ಕೇಳಿ ಬರಿ. ‘ಯಾರೋ ಒಬ್ಬ ಮುದುಕಿ ಹಾಡಿದ್ದು’ ಅಂತ ಮಾತ್ರ ಬರೀಬ್ಯಾಡ ಕಣೇ.”