ಮುಟ್ಬೇಡ್ರಪ್ಪ, ಅವ್ಳೇ ಎತ್ಲಿ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮರುವಾರದ ಮಾತು. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟು, ಕೆ.ಆರ್. ನಗರಕ್ಕೆ ಡಯಾಲಿಸಿಸ್‌ಗೆ ಹೋಗಿಬರುವುದೇ ನಮ್ಮ ಸಂಸಾರವಾಗಿತ್ತು. ಹೊಸ ಅಗ್ರಹಾರದ ಕಡೆಯ ನಮ್ಮ ಹಳ್ಳಿಗೆ ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತದೆ. ಹಾಗಾಗಿ ಅವರ ಬೈಕನ್ನೇ ಓಡಿಸಲು ಕಲಿತೆ. ಚೂಡಿದಾರ್ ಹಾಕಿಕೊಂಡ ಹೆಂಡತಿ ಮುಂದೆ, ಗಂಡ ಹಿಂದೆ. ಊರಿನವರು ಮೊದಮೊದಲು ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಅವರಿಗೇ ಬೇಜಾರಾಯಿತು.

ಒಂದು ಪಾಠದಿಂದ ಮಾತ್ರ ನಾನು ತಪ್ಪಿಸಿಕೊಳ್ಳುತ್ತಲೇ ಇದ್ದೆ. "ಬಿದ್ ಗಾಡಿ ಎತ್ತೋದ ಕಲ್ತ್ಕೊ ಕಣೇ ಮಂಜುಳಾ" ಎಂದು ಅವರು ಎಷ್ಟೋ ಸಲ ಹೇಳಿದ್ದರು. "ಮೊದ್ಲು ಬೀಳ್ಲಿ ಬುಡ್ರಿ, ಆಮೇಲ್ ನೋಡಾನ" ಎನ್ನುತ್ತಿದ್ದೆ. ನಮ್ಮ ಕಡೆ ಬೈಕು ಬಿದ್ದರೆ ಗದ್ದೆಯಲ್ಲಿದ್ದವರೂ ಓಡಿ ಬರುತ್ತಾರೆ. ಹೆಂಗಸರಿಗೆ ಆ ಉಸಾಬರಿ ಯಾಕೆ ಎಂಬುದು ನನ್ನ ಲೆಕ್ಕಾಚಾರ.

ಆ ದಿನ ಡಯಾಲಿಸಿಸ್ ಮುಗಿಸಿ ವಾಪಸು ಬರುತ್ತಿದ್ದೆವು. ಹುರುಳಿ ಒಕ್ಕಣೆಯ ಕಾಲ. ನಮ್ಮಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತ ಗಿಡಗಳನ್ನು ರಸ್ತೆಗೆ ಹರಡಿದರೆ ಬಸ್ಸು, ಲಾರಿಗಳೇ ತುಳಿದು ಒಕ್ಕಿಕೊಡುತ್ತವೆ. ಎಲ್ಲರೂ ಬೈಯುತ್ತಾರೆ, ತಮ್ಮ ಹುರುಳಿ ಬಂದಾಗ ಎಲ್ಲರೂ ಹರಡುತ್ತಾರೆ. ನಾವೂ ಹರಡಿದವರೇ. ಆ ದಪ್ಪನೆಯ ಸೊಪ್ಪಿನ ಮೇಲೆ ಚಕ್ರ ಜಾರಿ ಬೈಕು ಬಲಮಗ್ಗುಲಿಗೆ ಮಲಗಿತು. ನಿಧಾನವಾಗಿ ಬರುತ್ತಿದ್ದುದರಿಂದ ಪೆಟ್ಟಾಗಲಿಲ್ಲ. ಅವರು ಸೂಜಿ ಚುಚ್ಚಿದ್ದ ಕೈಯನ್ನು ಎದೆಗೆ ಅವಚಿಕೊಂಡು ಸೊಪ್ಪಿನ ಮೇಲೆ ಕುಳಿತಿದ್ದರು.

ಸೊಪ್ಪು ತಿರುವಿ ಹಾಕುತ್ತಿದ್ದ ಅಣ್ಣತಮ್ಮಂದಿರಿಬ್ಬರು ಓಡಿ ಬಂದರು. "ಅಯ್ಯೋ, ನಮ್ ಸೊಪ್ಪಿಂದ ಇಂಗಾಯ್ತಲ್ಲವ್ವ! ನೀವ್ ಸರ್ಕೊಳಿ, ನಾವ್ ಎತ್ತೀವಿ" ಎಂದು ಹ್ಯಾಂಡಲ್‌ಗೆ ಕೈ ಹಾಕಿದರು.

"ಮುಟ್ಬೇಡ್ರಪ್ಪ, ಅವ್ಳೇ ಎತ್ಲಿ" ಎಂದರು ನಮ್ಮವರು ಕುಳಿತಲ್ಲಿಂದಲೇ.

ನನಗೆ ಮೈ ಉರಿದುಹೋಯಿತು. "ನಿಮ್ಗೇನ್ ತಲೆ ಕೆಟ್ಟದಾ? ನಡುರೋಡಲ್ಲಿ ಪಾಠ ಮಾಡ್ತೀರಲ್ಲ!"

"ಇನ್ಯಾವಾಗ್ ಮಾಡ್ಲಿ, ನೀನೇ ಯೋಳು."

ವೇಲನ್ನು ಸೊಂಟಕ್ಕೆ ಬಿಗಿದುಕೊಂಡೆ. ಅಣ್ಣತಮ್ಮಂದಿರು ಕೈ ಹಿಂದಕ್ಕೆ ತೆಗೆದುಕೊಂಡರು. ಒಬ್ಬ ಟವಲ್ ಬೀಸುತ್ತ ಬರುವ ಗಾಡಿಗಳನ್ನು ನಿಲ್ಲಿಸಿದ.

"ಮೊದ್ಲು ಕೀ ಆಫ್ ಮಾಡು. ಗೇರ್ ಹಾಕು, ಗಾಡಿ ಉರುಳ್ಬಾರ್ದು. ಸೈಡ್ ಸ್ಟ್ಯಾಂಡ್ ಈಗ್ಲೇ ಎಳ್ದ್ ಬುಡು, ಇಲ್ದಿದ್ರೆ ಎತ್ತಿದ್ ರಭಸಕ್ಕೆ ಆ ಕಡೀಕ್ ಬಿದ್ದೋಯ್ತದೆ."

ಹೇಳಿದ ಹಾಗೆ ಮಾಡಿದೆ. ಕಾಲು ಜಾರದಂತೆ ಸೊಪ್ಪನ್ನು ಒದ್ದು ಸರಿಸಿದೆ. ಸಿಟ್ಟಿನಲ್ಲಿ ಮುಂದಕ್ಕೆ ಬಗ್ಗಿ ಎಳೆಯಲು ಹೋದರೆ ನಮ್ಮವರು ಮತ್ತೆ ಕೂಗಿದರು: "ಅಂಗಲ್ಲ, ಸೊಂಟ ಮುರ್ಕೋತೀಯ! ಗಾಡಿಗ್ ಬೆನ್ ಕೊಟ್ ಕುಕ್ಕರ್‌ಗಾಲಲ್ ಕುಂತ್ಕೊ."

ಹ್ಯಾಂಡಲನ್ನು ನೆಲದ ಕಡೆಗೆ ತಿರುಗಿಸಿ, ಸೀಟಿಗೆ ಸೊಂಟ ಒತ್ತಿ ಕುಳಿತೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ.

"ಕೈಯಲ್ ಎತ್ಬೇಡ. ಬೆನ್ ನೆಟ್ಟಗಿರ್ಲಿ. ಕಾಲಲ್ ಒತ್ಕೊಂಡು ಇಂದಿಂದಕ್ಕೆ ಸಣ್ ಸಣ್ ಎಜ್ಜೆ ಇಡು."

ಮೊದಲು ಅಲ್ಲಾಡಲೇ ಇಲ್ಲ. ಉಸಿರು ಬಿಗಿಹಿಡಿದು ಮತ್ತೆ ಒತ್ತಿದೆ. ಬೆನ್ನ ಹಿಂದೆ ಬೈಕು ಮೆಲ್ಲಗೆ ಎದ್ದು, ಸ್ಟ್ಯಾಂಡಿನ ಮೇಲೆ ವಾಲಿ ನಿಂತುಕೊಂಡಿತು.

"ಭೇಷ್ ಕಣವ್ವ!" ಎಂದರು ಅಣ್ಣತಮ್ಮಂದಿರು. ನಾನು ಬೀಗುತ್ತ ನಮ್ಮವರ ಕಡೆ ತಿರುಗಿದೆ. ಅವರು ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಇನ್ ನಂಗ್ ಯೋಚ್ನೆ ಇಲ್ಲ ಬುಡು" ಎಂದು ನೆಲಕ್ಕೆ ಕೈಯೂರಿ ಏಳಲು ನೋಡಿದರು. ಆಗಲಿಲ್ಲ.

ಮನೆಯಲ್ಲಿ ಗೋಡೆ ಹಿಡಿದಾದರೂ ತಾವೇ ಏಳುತ್ತಿದ್ದರು, ನನ್ನ ಕೈ ಬೇಡ ಎನ್ನುವ ಹಠ. ಇಲ್ಲಿ ಗೋಡೆ ಇರಲಿಲ್ಲ. "ಇವ್ರನ್ನೂ ನಾನೇ ಎತ್ತೀನಿ ಬುಡ್ರಣ್ಣ" ಎಂದು ನಗುತ್ತಲೇ ಹೋಗಿ, ಕಾಲು ಗಟ್ಟಿಯಾಗಿ ಊರಿ, ಕಂಕುಳಿಗೆ ಕೈ ಕೊಟ್ಟು ಬೈಕಿಗೆ ಹಾಕಿದಷ್ಟೇ ಬಲ ಹಾಕಿ ಎಳೆದೆ. ಅಷ್ಟು ಬಲ ಬೇಕಿರಲಿಲ್ಲ. ಮಗುವಿನ ಹಾಗೆ ಎದ್ದು ಬಂದುಬಿಟ್ಟರು. ನಾನೇ ಎರಡು ಹೆಜ್ಜೆ ಹಿಂದಕ್ಕೆ ತೂರಾಡಿದೆ. ನನ್ನ ನಗು ಅಲ್ಲೇ ನಿಂತಿತು. ಅವರಿಗೂ ಗೊತ್ತಾಯಿತು. ಇಬ್ಬರೂ ಬೈಕು ಹತ್ತಿದೆವು.

ಆ ಯುಗಾದಿಗೆ ಅವರು ಇರಲಿಲ್ಲ.

ಈಗಲೂ ಡೈರಿಗೆ, ಪೇಟೆಗೆ ಅದೇ ಬೈಕಿನಲ್ಲಿ ಓಡಾಡುತ್ತೇನೆ. ಬಿದ್ದರೆ ಎತ್ತಿಕೊಳ್ಳುತ್ತೇನೆ, ಆ ಭಯವಿಲ್ಲ. ಆದರೆ ಆ ದಿನ ಅವರು ನನ್ನ ಕೈಗೆ ಸ್ವಲ್ಪವಾದರೂ ಭಾರವಾಗಬೇಕಿತ್ತು.